ಅರವತ್ತೆರಡು ಕಿಲೋದ ಮಾಸ್ಟರ್

ನಮ್ಮ ಮಾಸ್ಟರ್ ತೀರಿಕೊಂಡರು ಎಂಬ ಸುದ್ದಿ ಫೋನಿಗೆ ಬಂದಾಗ ನಾನು ಜೀವನ್ ಬಿಮಾ ನಗರದ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಓದಿದೆ, ಫೋನನ್ನು ಜೇಬಿಗೆ ಹಾಕಿಕೊಂಡೆ, ಮತ್ತೆ ನಾಲ್ಕು ಬದನೆಕಾಯಿ ಆರಿಸಿದೆ. ನಂಬಿಕೆ ಬರಲಿಲ್ಲ. ಅವರು ಇದಕ್ಕೆ ಮೊದಲೂ ಎರಡು ಸಲ ಆಸ್ಪತ್ರೆ ಸೇರಿದ್ದರು. ಒಮ್ಮೆ, ಕರಾಟೆ ತರಗತಿಯ ಹಾಲ್ ಖಾಲಿ ಮಾಡಿ ಎಂದು ಮಾಲೀಕರು ಬಂದ ದಿನ. ಇನ್ನೊಮ್ಮೆ, ಬೆಲ್ಟ್ ಪರೀಕ್ಷೆಯ ಸರ್ಟಿಫಿಕೇಟು ಎಲ್ಲಿ ಎಂದು ಪೋಷಕರು ಗುಂಪುಗೂಡಿ ಬಂದ ದಿನ. ಎರಡೂ ಸಲ ನಾನು ಎಳನೀರು ಹಿಡಿದು ಆಸ್ಪತ್ರೆಗೆ ಹೋಗಿದ್ದೆ. ಎರಡೂ ಸಲ ಅಂಥ ರೋಗಿ ಯಾರೂ ಇಲ್ಲವೆಂದು ಹೇಳಿ ಕಳಿಸಿದ್ದರು. ಹಾಗಾಗಿ ಈ ಸಲ ಎಳನೀರು ಕೊಳ್ಳಲಿಲ್ಲ, ತರಕಾರಿ ಮನೆಗೆ ಕೊಟ್ಟು ನಿಧಾನವಾಗಿ ಹೋದೆ. ಹಲಸೂರಿನ ಅವರ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡ ಮೇಲೆ ಗೊತ್ತಾಯಿತು, ಮನುಷ್ಯ ಈ ಬಾರಿ ನಿಜ ಹೇಳಿದ್ದಾರೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಎದ್ದಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಿಂದೆ ಮುಂದೆ ಇದ್ದ ಬಿರುದುಗಳನ್ನೂ ಬರೆಯಬೇಕಾಗುತ್ತದೆ. ಅವನ್ನೆಲ್ಲ ಕೊಟ್ಟವರು ಅವರೇ, ಪಡೆದವರೂ ಅವರೇ.

ನಾನು ಅವರ ಕೈಗೆ ಸಿಕ್ಕಿದ್ದು ನನ್ನ ಹೊಟ್ಟೆಯ ದೆಸೆಯಿಂದ. ವಿಮಾ ಕಚೇರಿಯ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತು ಬೆಳೆಸಿದ ಹೊಟ್ಟೆ. ಗದಗಿನಿಂದ ನನ್ನ ಜೊತೆಗೇ ಬಂದ ಹೆಂಡತಿಗೆ ಬೆಂಗಳೂರು ಎಲ್ಲ ಕಲಿಸಿದೆ, ಮಾತು ಮೆತ್ತಗೆ ಮಾಡುವುದೊಂದನ್ನು ಬಿಟ್ಟು. ಒಂದು ಸಂಜೆ ಬಾಗಿಲು ತೆರೆದವಳೇ ಅಂದಳು: “ನೀವು ಆಫೀಸಿಂದ ಬಂದ್ರ ಮೊದಲ ಹೊಟ್ಟಿ ಒಳಗ ಬರ್ತದ. ಆಮ್ಯಾಲ ನೀವು ಬರ್ತೀರಿ. ಏನರ ಮಾಡ್ರಿ ಇದಕ್ಕ.”

ಏನಾದರೂ ಮಾಡಲು ಹೊರಟಾಗ ಕಣ್ಣಿಗೆ ಬಿದ್ದದ್ದು ಹಲಸೂರಿನ ಒಂದು ಹಳೇ ಕಲ್ಯಾಣ ಮಂಟಪದ ಗೋಡೆಯ ಮೇಲಿನ ಬೋರ್ಡು. ಕರಾಟೆ, ಕುಂಗ್‌ಫು, ಜು-ಜಿತ್ಸು, ಯೋಗ, ಹ್ಯಾಂಡ್‌ರೈಟಿಂಗ್. ಐದನ್ನೂ ಒಬ್ಬರೇ ಕಲಿಸುತ್ತಿದ್ದರು. ತರಗತಿ ನಡೆಯುತ್ತಿದ್ದದ್ದು ಮಂಟಪದ ಊಟದ ಹಾಲಿನಲ್ಲಿ. ಟೇಬಲ್ಲುಗಳನ್ನು ಗೋಡೆಗೆ ಒತ್ತರಿಸಿ, ನಡುವೆ ನೀಲಿ ಮ್ಯಾಟು ಹಾಸಿದರೆ ಶಾಲೆ ಸಿದ್ಧ. ಮದುವೆ ಇದ್ದ ದಿನ ರಜೆ. ಮದುವೆಯ ಮರುದಿನ ಹೋದರೆ, ಎದುರಾಳಿ ನಮ್ಮನ್ನು ಕೆಡವಿ ಮುಖವನ್ನು ಮ್ಯಾಟಿಗೆ ಒತ್ತಿದಾಗ ನಿನ್ನೆಯ ಸಾಂಬಾರಿನಲ್ಲಿ ಯಾವ ತರಕಾರಿ ಇತ್ತೆಂದು ಹೇಳಬಹುದಿತ್ತು.

“ವಯಸ್ಸೆಷ್ಟು ಸಾರ್?” ಎಂದರು ಮೊದಲ ದಿನ.

“ನಲವತ್ತಾರು.”

“ತೂಕ?”

“ಎಂಬತ್ತೊಂಬತ್ತು.”

ಅವರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಅಂದ್ರೆ ನಾನು, ನನ್ ಹೆಗಲ್ ಮೇಲೆ ಮೂರನೇ ಕ್ಲಾಸ್ ಮಗು ಒಂದು. ಪರ್ವಾಗಿಲ್ಲ ಸಾರ್. ಮಗೂನ ಇಳಿಸಿಬಿಡೋಣ.”

ಮಗು ಇಂದಿಗೂ ಇಳಿದಿಲ್ಲ. ಆದರೆ ಅಂದಿನಿಂದ ನಾನು ಅವರ ಶಿಷ್ಯ. ನನಗಿಂತ ಅವರು ಎಂಟು ವರ್ಷ ಚಿಕ್ಕವರು.

ಜು-ಜಿತ್ಸು ಎಂದರೆ ಗುದ್ದುವುದಲ್ಲ, ಒದೆಯುವುದಲ್ಲ. ಎದುರಾಳಿಯನ್ನು ಹಿಡಿದು ಕೆಡವಿ, ಅವನ ಕೈಯನ್ನೋ ಕಾಲನ್ನೋ ಕತ್ತನ್ನೋ ಸಿಕ್ಕಿಸಿಕೊಂಡು, ಸಾಕಪ್ಪಾ ಎಂದು ಅವನು ಅಂಗೈಯಿಂದ ನೆಲ ತಟ್ಟುವವರೆಗೂ ಬಿಡದೆ ಇರುವುದು. ತಟ್ಟಿದರೆ ಸೋತಂತೆ. ತಟ್ಟದಿದ್ದರೆ ಕೀಲು ಮುರಿಯುತ್ತದೆ, ಅಥವಾ ಉಸಿರು ಕಟ್ಟುತ್ತದೆ. ಮಾಸ್ಟರ್ ಇದನ್ನು ತಮ್ಮದೇ ರೀತಿಯಲ್ಲಿ ವಿವರಿಸುತ್ತಿದ್ದರು. “ಇದು ಫೈಟಿಂಗ್ ಅಲ್ಲ, ಅಡ್ಜಸ್ಟಿಂಗ್. ಅವ್ನು ತಳ್ಳಿದ್ರೆ ನೀವು ಎಳೀರಿ. ಅವ್ನು ಎಳೆದ್ರೆ ನೀವು ತಳ್ಳಿ. ಬೆಂಗಳೂರಲ್ಲಿ ಬಸ್ ಹತ್ತೋರಿಗೆಲ್ಲಾ ಅರ್ಧ ಜು-ಜಿತ್ಸು ಆಗ್ಲೇ ಬರುತ್ತೆ.” ಇದನ್ನು ಹೇಳಿದಾಗಲೆಲ್ಲ ತಮ್ಮ ಎಡಗಿವಿಯನ್ನು ಮುಟ್ಟಿಕೊಳ್ಳುವುದು ಅವರ ಅಭ್ಯಾಸ. ಅದು ಮುದುಡಿದ, ಗಂಟುಗಂಟಾದ ಕಿವಿ. ನೂರಾರು ಕುಸ್ತಿಗಳಲ್ಲಿ ಹಾಗಾಯಿತೆಂದು ಎಲ್ಲರಿಗೂ ಹೇಳುತ್ತಿದ್ದರು. ಓಲ್ಡ್ ಮದ್ರಾಸ್ ರೋಡಿನಲ್ಲಿ ಸ್ಕೂಟರಿನಿಂದ ಬಿದ್ದು ಹಾಗಾಯಿತೆಂದು ಅವರ ಹೆಂಡತಿ ಹೇಳುತ್ತಿದ್ದರು.

ಅವರ ಕಪ್ಪು ಬೆಲ್ಟಿನ ತುದಿಯಲ್ಲಿ ಬಂಗಾರದ ದಾರದಲ್ಲಿ ಜಪಾನಿ ಅಕ್ಷರಗಳಿದ್ದವು. “ನನ್ ಗುರುಗಳು ಕೊಟ್ಟಿದ್ದು. ಇದರ ಅರ್ಥ ಬಾಯ್ಬಿಟ್ಟು ಹೇಳೋ ಹಾಗಿಲ್ಲ,” ಎನ್ನುತ್ತಿದ್ದರು. ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದಕ್ಕೆ ಬಂದಿದ್ದ ಜಪಾನಿ ಇಂಜಿನಿಯರೊಬ್ಬರು ತಮ್ಮ ಮಗಳನ್ನು ಸೇರಿಸಲು ಬಂದಾಗ, ಬೆಲ್ಟನ್ನು ಬೆರಳಿನಲ್ಲಿ ಹಿಡಿದು ಓದಿ, ಬಹಳ ಮರ್ಯಾದೆಯಿಂದ ನನ್ನ ಕಿವಿಯಲ್ಲಿ ಅರ್ಥ ಹೇಳಿದರು. ಶುದ್ಧ ಹತ್ತಿ, ಅಳತೆ ಐದು.

ಇಂಥವರಿಗೆ ಒಂದೇ ಒಂದು ವಿಷಯದಲ್ಲಿ ಶ್ರದ್ಧೆಯಿತ್ತು. ಅದು ತೂಕ. ಹಗುರ ತೂಕದ ವಿಭಾಗಕ್ಕೆ ಮಿತಿ ಅರವತ್ತೆರಡು ಕಿಲೋ. ಅವರು ಹದಿನೈದು ವರ್ಷದಿಂದ ಅರವತ್ತೆರಡರಲ್ಲೇ ನಿಂತಿದ್ದರು. ದಿನಾ ಬೆಳಿಗ್ಗೆ ಮನೆ ಹತ್ತಿರದ ರದ್ದಿ ಅಂಗಡಿಗೆ ಹೋಗಿ, ಹಳೇ ಪೇಪರ್ ತೂಗುವ ತಕ್ಕಡಿಯ ಮೇಲೆ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಅಂಗಡಿಯ ಭಾಯ್ ಅರವತ್ತೆರಡನ್ನು ತನ್ನ ಭಾಷೆಯಲ್ಲಿ “ಬಾಸಟ್, ಮಾಸ್ಟರ್!” ಎಂದು ಕೂಗಿದರೆ ಆ ದಿನ ಒಂದೂವರೆ ಇಡ್ಲಿ. ಮುಳ್ಳು ಒಂದು ಗೆರೆ ಮೇಲೇರಿದರೆ ಇಡ್ಲಿಯ ಹಬೆ ಮಾತ್ರ. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದು, ಹೋಳಿಗೆಯನ್ನು ಎತ್ತಿ ಹಿಡಿದು, “ಇದು ನೂರಿಪ್ಪತ್ತು ಗ್ರಾಂ ಇದೆ ಮೇಡಂ,” ಎಂದು ವಾಪಸ್ ತಟ್ಟೆಗಿಟ್ಟರು. ನನ್ನ ಹೆಂಡತಿ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ನನಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆಂದು ತಿಳಿದ ದಿನವೇ ನನ್ನನ್ನು ಶಾಲೆಯ ಕಾರ್ಯದರ್ಶಿ ಮಾಡಿದರು. ಹೀಗೆ, ಒಂದು ಪಟ್ಟನ್ನೂ ಸರಿಯಾಗಿ ಹಾಕಲು ಬಾರದ ನಾನು ಲೆಟರ್‌ಹೆಡ್ಡಿನಲ್ಲಿ ಪದಾಧಿಕಾರಿಯಾದೆ. ಆಫೀಸಿನಲ್ಲಿ ಸಹೋದ್ಯೋಗಿಗಳಿಗೆ ಅದನ್ನು ತೋರಿಸಿದ್ದೆ ಕೂಡ. ಬಿರುದಿನ ಹಸಿವು ಅವರೊಬ್ಬರಿಗೇ ಇತ್ತು ಎಂದರೆ ಸುಳ್ಳಾದೀತು.

ಆ ವರ್ಷ ಹೊರದೇಶದಲ್ಲಿ ನಡೆಯಲಿದ್ದ ದೊಡ್ಡ ಕ್ರೀಡಾಕೂಟದಲ್ಲಿ ಜು-ಜಿತ್ಸುವೂ ಇದೆಯೆಂದು ಗೊತ್ತಾಯಿತು. ಓಟ, ಈಜು, ಕುಸ್ತಿ, ಬಿಲ್ಲುಗಾರಿಕೆ ಎಲ್ಲ ಇರುವ, ಏಷ್ಯಾದ ಹತ್ತಾರು ದೇಶಗಳು ಸೇರುವ ಕೂಟ. ಅಲ್ಲಿ ಒಂದು ಪದಕ ಬಂದರೆ ಸರ್ಕಾರಿ ನೌಕರಿ ಖಂಡಿತ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಕ್ರೀಡಾ ಇಲಾಖೆಯಲ್ಲಿ ತರಬೇತುದಾರ, ತಿಂಗಳ ಸಂಬಳ, ತೂಕ ನೋಡಿಕೊಳ್ಳಲು ಸ್ವಂತದ ಒಂದು ಯಂತ್ರ. ಅವರ ಹೆಂಡತಿ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಿಷ್ಯರ ಬಿಳಿ ಅಂಗಿಗಳನ್ನು ಹೊಲಿದು ಸಂಸಾರ ತೂಗಿಸುತ್ತಿದ್ದರು. ಅವರೂ ಆ ನೌಕರಿಯನ್ನು ನಂಬಿದರು. ಮಾಸ್ಟರಿಗೆ ಆಗ ನಲವತ್ತು. ಇನ್ನೊಂದು ಕೂಟ ಬರುವಷ್ಟರಲ್ಲಿ ನಲವತ್ತನಾಲ್ಕು. ಇದೇ ಮೊದಲ ಅವಕಾಶ, ಇದೇ ಕೊನೆಯದು.

ಆಡುವವರೇ ಕಡಿಮೆ ಇದ್ದದ್ದರಿಂದ ದೇಶದ ತಂಡದ ಆಯ್ಕೆ ನಡೆದದ್ದು ಕೆ.ಆರ್. ಪುರದ ಒಂದು ಹಾಲಿನಲ್ಲಿ. ಅವರ ತೂಕದಲ್ಲಿ ನಿಜವಾಗಿ ಗೆಲ್ಲಬಲ್ಲವನು ಒಬ್ಬನೇ, ಬಾಣಸವಾಡಿಯ ಇಪ್ಪತ್ತಾರರ ಯುವಕ. ಅವನ ಜೊತೆ ಹತ್ತು ಸಲ ಆಡಿದರೆ ಹನ್ನೊಂದು ಸಲ ನಮ್ಮ ಮಾಸ್ಟರ್ ಸೋಲುತ್ತಿದ್ದರು. ಆಯ್ಕೆಯ ಹಿಂದಿನ ಮಧ್ಯಾಹ್ನ ಮಾಸ್ಟರ್ ಅವನಿಗೆ ಫೋನ್ ಮಾಡಿ, “ತಮ್ಮಾ, ನಾಳೆ ಯಾರೇ ಗೆಲ್ಲಲಿ, ನಾವಿಬ್ರೂ ಒಂದೇ ಕಲೆಯ ಮಕ್ಳು. ಬಾ, ಒಟ್ಟಿಗೆ ಊಟ ಮಾಡೋಣ,” ಎಂದು ಶಿವಾಜಿನಗರಕ್ಕೆ ಕರೆದರು. ನಾನೂ ಹೋಗಿದ್ದೆ. ಬಿರಿಯಾನಿ ಬಂತು, ಕಬಾಬು ಬಂತು, ಮೇಲೆ ಖೀರು. ಮಾಸ್ಟರ್ ತಮ್ಮ ಕೈಯಾರೆ ಅವನಿಗೆ ಬಡಿಸಿದರು. “ತಗೋ ತಮ್ಮಾ. ವಯಸ್ಸಿನ ಹುಡುಗ ನೀನು, ಕರಗಿ ಹೋಗುತ್ತೆ.” ತಾವು ಒಂದು ನಿಂಬೆ ಹೋಳನ್ನು ಒಂದು ಗಂಟೆ ಚೀಪಿದರು. ಮರುದಿನ ಬೆಳಿಗ್ಗೆ ಆ ಯುವಕ ಎಂಟುನೂರು ಗ್ರಾಂ ಹೆಚ್ಚು ತೂಗಿ ಹೊರಬಿದ್ದ. ಮಾಸ್ಟರ್ ಅವನನ್ನು ಅಪ್ಪಿಕೊಂಡು ಕಣ್ಣೀರು ಹಾಕಿದರು. ಆ ಕಣ್ಣೀರು ಎಷ್ಟು ಚೆನ್ನಾಗಿತ್ತೆಂದರೆ ನಾನೂ ಅತ್ತೆ.

ಹೀಗೆ ನಮ್ಮ ಮಾಸ್ಟರ್ ದೇಶವನ್ನು ಪ್ರತಿನಿಧಿಸಲು ಹೊರಟರು. ನಾನು ರಜೆ ಹಾಕಿ ಪ್ರೇಕ್ಷಕನಾಗಿ ಹಿಂದೆ ಹೋದೆ. ಕಾರ್ಯದರ್ಶಿಯಲ್ಲವೇ.

ಅಲ್ಲಿ ಮೊದಲು ಬಂದ ಆಪತ್ತು ಅಂಗಿಯದು. ಹೆಂಡತಿ ರಾತ್ರಿ ಹಗಲು ಹೊಲಿದುಕೊಟ್ಟಿದ್ದ ಬಿಳಿ ಅಂಗಿಯ ತೋಳನ್ನು ಅಧಿಕಾರಿಯೊಬ್ಬರು ಅಳೆದು, ಎರಡು ಬೆರಳು ಗಿಡ್ಡ ಎಂದು ತಳ್ಳಿಹಾಕಿದರು. ಬೇರೆ ದೇಶದ ಕೋಚೊಬ್ಬರು ಪಾಪ ಎಂದು ಒಂದು ಅಂಗಿ ಕೊಟ್ಟರು. ಅದು ಎರಡು ಅಳತೆ ದೊಡ್ಡದು. ಮಾಸ್ಟರ್ ಅದನ್ನು ಹಾಕಿಕೊಂಡು ಬಂದಾಗ ಒಗೆದು ಹರವಿದ ಬೆಡ್‌ಶೀಟಿನೊಳಗೆ ಯಾರೋ ಸಿಕ್ಕಿಕೊಂಡಂತೆ ಕಂಡರು.

ಮೊದಲ ಸುತ್ತಿನ ಎದುರಾಳಿ ತೂಕದಲ್ಲಿ ಫೇಲಾಗಿ ಬರಲೇ ಇಲ್ಲ. ಮಾಸ್ಟರ್ ಆಡದೇ ಗೆದ್ದರು, ಗೆದ್ದು ಎರಡೂ ಕೈ ಎತ್ತಿ ನಾಲ್ಕು ದಿಕ್ಕಿಗೂ ನಮಸ್ಕರಿಸಿದರು. ಎರಡನೇ ಸುತ್ತಿನಲ್ಲಿ ಎದುರಾಳಿ ಬಂದ. ಬಾಗಿ ವಂದಿಸಿದರು, ಕಾಲರ್ ಹಿಡಿದರು, ಬಿದ್ದರು, ತಟ್ಟಿದರು. ನಾನು ಫೋನಿನ ಕ್ಯಾಮರಾ ತೆರೆಯುವಷ್ಟರಲ್ಲಿ ಮುಗಿದಿತ್ತು. ಆದರೆ ಆ ಆಟದ ನಿಯಮ ಬಹಳ ಉದಾರಿ. ನಿಮ್ಮನ್ನು ಸೋಲಿಸಿದವನು ಫೈನಲ್ ತಲುಪಿದರೆ ಕಂಚಿಗಾಗಿ ಆಡಲು ನಿಮಗೆ ಇನ್ನೊಂದು ದಾರಿ ಬಿಡುತ್ತಾರೆ. ಅವನು ಫೈನಲ್ ತಲುಪಿದ. ಆ ದಾರಿಯಲ್ಲಿ ಮಾಸ್ಟರಿಗೆ ಎದುರಾಗಬೇಕಿದ್ದವನು ಭುಜ ಉಳುಕಿಸಿಕೊಂಡು ಹಿಂದೆ ಸರಿದ. ಒಂದೇ ಒಂದು ಪಂದ್ಯವನ್ನೂ ಕೈಮುಟ್ಟಿ ಗೆಲ್ಲದೆ, ಒಂದನ್ನು ಅರ್ಧ ನಿಮಿಷದಲ್ಲಿ ಸೋತು, ನಮ್ಮ ಮಾಸ್ಟರ್ ಕಂಚಿನ ಪದಕದ ಪಂದ್ಯಕ್ಕೆ ಬಂದು ನಿಂತರು.

“ಇದನ್ನೇ ಅಡ್ಜಸ್ಟಿಂಗ್ ಅನ್ನೋದು ಸಾರ್,” ಎಂದರು ಬಂದು. “ಮನೆಗೆ ಫೋನ್ ಮಾಡಿದ್ದೆ. ಅವ್ಳು ದೇವರ ಮುಂದೆ ಕೂತವ್ಳೆ. ಹೊಲಿಗೆ ಮೆಷೀನ್ ಮಾರಿಬಿಡಲಾ ಅಂತ ಕೇಳ್ತಾವ್ಳೆ.”

ಕಂಚಿನ ಪಂದ್ಯದ ಎದುರಾಳಿ ಮಧ್ಯ ಏಷ್ಯಾದ ಒಂದು ದೇಶದವನು. ನಕ್ಷೆ ಕೊಟ್ಟರೆ ಆ ದೇಶವನ್ನು ತೋರಿಸಲು ನನಗೆ ಇಂದಿಗೂ ಆಗದು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಹಿಂದಿನ ಪಂದ್ಯದಲ್ಲಿ ಅವನ ಬಲ ಮೊಣಕಾಲು ತಿರುಚಿಕೊಂಡಿತ್ತು. ಪಟ್ಟಿಯ ಮೇಲೆ ಪಟ್ಟಿ ಸುತ್ತಿಕೊಂಡು, ಕುಂಟುತ್ತ ಮ್ಯಾಟಿಗೆ ಬಂದ. ಅವನ ಮುಖ ಬಿಳಿಚಿತ್ತು. ಕುಂಟುವವನನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ. ಎದ್ದು ನಿಂತು, ಆಫೀಸಿನಲ್ಲಿ ಒಮ್ಮೆಯೂ ಎತ್ತದ ದನಿಯಲ್ಲಿ ಕೂಗಿದೆ: “ಬಲಗಾಲು ಹಿಡೀರಿ ಮಾಸ್ಟ್ರ! ಬಲಗಾಲು!”

ಕನ್ನಡ ಬಲ್ಲವರು ಆ ಹಾಲಿನಲ್ಲಿ ನಾವಿಬ್ಬರೇ. ಆದರೂ ನಾನು ಬೆರಳು ತೋರಿಸಿದ್ದರಿಂದ ಎಲ್ಲರಿಗೂ ಅರ್ಥವಾಯಿತು. ಆ ಹುಡುಗನೂ ಒಮ್ಮೆ ನನ್ನ ಕಡೆ ನೋಡಿದ.

ಆರು ನಿಮಿಷದ ಪಂದ್ಯ. ನಾಲ್ಕು ನಿಮಿಷ ಇಬ್ಬರೂ ಒಬ್ಬರ ಕಾಲರ್ ಇನ್ನೊಬ್ಬರು ಹಿಡಿದು ಸುತ್ತಿದರು. ಐದನೆಯದರಲ್ಲಿ ಇಬ್ಬರೂ ಬಿದ್ದರು. ಬಿದ್ದ ರಭಸದಲ್ಲಿ ಆ ಹುಡುಗನ ಬಲಗಾಲು ಮಾಸ್ಟರ ಎರಡು ತೊಡೆಗಳ ನಡುವೆ ಸಿಕ್ಕಿಕೊಂಡಿತು. ಅವರು ಅದನ್ನು ಎರಡೂ ಕೈಗಳಿಂದ ಎದೆಗೆ ಅವುಚಿಕೊಂಡರು. ಅದು ಅವರು ನಮಗೆ ನೂರು ಸಲ ತೋರಿಸಿದ್ದ ಪಟ್ಟು. ನ್ಯಾಯವಾದ ಪಟ್ಟು, ನಿಯಮದಲ್ಲಿ ಇರುವ ಪಟ್ಟು. ಸೊಂಟವನ್ನು ಒಂದು ಗೇಣು ಮುಂದಕ್ಕೆ ತಳ್ಳಿದರೆ ಸಾಕು. ಗಟ್ಟಿ ಮೊಣಕಾಲಿರುವವನೂ ತಟ್ಟುತ್ತಾನೆ.

ಅವರು ತಳ್ಳಲಿಲ್ಲ. ಕಾಲನ್ನು ಹಿಡಿದು ಮಗುವನ್ನು ಎತ್ತಿಕೊಂಡವರಂತೆ ಮೂರು ನಾಲ್ಕು ಕ್ಷಣ ಕೂತರು. ಆಮೇಲೆ ಬಿಟ್ಟುಬಿಟ್ಟರು. ಆ ಹುಡುಗ ತೆವಳಿ ಮೇಲೆ ಬಂದ, ಅವರ ಬೆಡ್‌ಶೀಟಿನಂಥ ಅಂಗಿಯನ್ನು ಹಿಡಿದು ಅವರನ್ನು ಅಂಗಾತ ಮಾಡಿದ, ಎರಡು ಅಂಕ ಪಡೆದ. ಗಂಟೆ ಹೊಡೆಯಿತು. ಎರಡು ಅಂಕದಲ್ಲಿ ಕಂಚು ಹೋಯಿತು. ಆ ಆಟದಲ್ಲಿ ಕಂಚು ಇಬ್ಬರಿಗೆ, ಹಾಗಾಗಿ ಮಾಸ್ಟರಿಗೆ ಸಿಕ್ಕಿದ್ದು ಐದನೇ ಸ್ಥಾನ.

“ಯಾಕ್ರೀ ಬಿಟ್ರಿ? ಕೈಯಾಗಿತ್ತಲ್ರೀ!” ಎಂದು ನಾನು ಕಿರುಚಿದೆ, ಅವರು ಹೊರಬರುತ್ತಿದ್ದಂತೆ.

“ಬೆವರು ಸಾರ್. ಜಾರಿಬಿಡ್ತು,” ಎಂದರು. ಅಷ್ಟೇ ಹೇಳಿ ನೀರು ಕುಡಿದರು.

ಬೆಂಗಳೂರಿಗೆ ಇಳಿಯುವಷ್ಟರಲ್ಲಿ ಬೆವರು ಹೋಗಿ ರೆಫ್ರಿ ಬಂದಿದ್ದ. ಸ್ಪಷ್ಟವಾಗಿ ತಟ್ಟಿದ್ದ ಎದುರಾಳಿಯನ್ನು ರೆಫ್ರಿ ನೋಡಿಯೂ ನೋಡದಂತೆ ಇದ್ದನಂತೆ. ಹಲಸೂರಿನ ಬೀದಿಯಲ್ಲಿ ‘ಏಷ್ಯಾದ ಐದನೇ ಹುಲಿ’ ಎಂದು ಫ್ಲೆಕ್ಸ್ ಬಿತ್ತು. ಮೊದಲ ನಾಲ್ಕು ಹುಲಿಗಳು ಯಾರೆಂದು ಯಾರೂ ಕೇಳಲಿಲ್ಲ. ಅದೇ ಕಲ್ಯಾಣ ಮಂಟಪದಲ್ಲಿ ಸನ್ಮಾನವಾಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮುಂದಿನ ಚುನಾವಣೆಗೆ ನಿಲ್ಲಲು ಹೊರಟಿದ್ದ ಸ್ಥಳೀಯ ಮುಖಂಡರೊಬ್ಬರು ಮಾಸ್ಟರ ಜಿಮ್ನಾಸ್ಟಿಕ್ಸ್ ಸಾಧನೆಯನ್ನು ಇಪ್ಪತ್ತು ನಿಮಿಷ ಹೊಗಳಿದರು. ಮಾಸ್ಟರ್ ಮೈಕು ಹಿಡಿದು ಹೇಳಿದರು: “ನನ್ನನ್ನ ಎದುರಾಳಿ ಸೋಲಿಸ್ಲಿಲ್ಲ. ವ್ಯವಸ್ಥೆ ಸೋಲಿಸ್ತು.” ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲೆ ಎರಡನೇ ಕುರ್ಚಿಯಲ್ಲಿ, ಹೆಗಲ ಮೇಲೆ ಒಂದು ಸಣ್ಣ ಶಾಲು ಹೊದ್ದು ಕೂತಿದ್ದ ನಾನೂ ತಟ್ಟಿದೆ. ಎಲ್ಲವನ್ನೂ ಕಣ್ಣಾರೆ ನೋಡಿದ್ದವನು ನಾನೊಬ್ಬನೇ, ಬಾಯಿ ಬಿಡಲಿಲ್ಲ. ಶಾಲು ಬೆಚ್ಚಗಿತ್ತು.

ನೌಕರಿ ಬರಲಿಲ್ಲ. ಐದನೇ ಸ್ಥಾನಕ್ಕೆ ಇಲಾಖೆಯಿಂದ ಒಂದು ಅಭಿನಂದನಾ ಪತ್ರ ಬಂತು, ಅದರಲ್ಲಿ ಹೆಸರು ತಪ್ಪಾಗಿತ್ತು. ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಂಡಿತು. ಅದಕ್ಕೆ ಅರವತ್ತೆರಡರ ಮಿತಿ ಇರಲಿಲ್ಲ. ಮೂರನೇ ವರ್ಷಕ್ಕೆ ಮೂವರು ರೆಫ್ರಿಗಳಾದರು. ಒಂದು ಬ್ಯಾಚಿಗೆ, ನಡುವೆ ಕರೆಂಟು ಹೋದದ್ದನ್ನೂ ಹೇಳಿದರು. ಅಂದು ತರಗತಿ ಮುಗಿದ ಮೇಲೆ ನಾವಿಬ್ಬರೂ ಮಂಟಪದ ತಾರಸಿಯ ಮೇಲೆ, ಹಿಂದಿನ ದಿನದ ಮದುವೆಯಲ್ಲಿ ಮ್ಯಾಟಿಗೆ ಚೆಲ್ಲಿದ್ದ ಸಾಂಬಾರಿನ ಕಲೆಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

“ಮಾಸ್ಟ್ರ, ಕರೆಂಟು ಯಾವಾಗ ಹೋಗಿತ್ರೀ? ನಾನೂ ಅಲ್ಲೇ ಇದ್ನಲ್ಲ.”

“ನೀವು ಆಗ ಟಾಯ್ಲೆಟ್‌ಗೆ ಹೋಗಿದ್ರಿ ಸಾರ್.”

“ತಮಾಷೆ ಬಿಡ್ರಿ. ಆ ಕಾಲು ಜಾರಲಿಲ್ಲ. ನಾನು ನೋಡೇನಿ. ನೀವಾಗೇ ಬಿಟ್ರಿ.”

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ಮ್ಯಾಟಿಗೇ ಹೇಳುವವರಂತೆ ಹೇಳಿದರು: “ಹಿಡ್ಕೊಂಡಾಗ ಒಳಗಡೆ ಟಕ್ ಅಂತು ಸಾರ್. ನನ್ ಎದೆಗೆ ಕೇಳಿಸ್ತು. ಆಗ್ಲೇ ಅರ್ಧ ಹೋಗಿತ್ತು ಅದು. ಮುಖ ನೋಡ್ದೆ. ಹಲ್ಲು ಕಚ್ಕೊಂಡು ನನ್ನೇ ನೋಡ್ತಾವ್ನೆ. ಕೈ ನೋಡ್ದೆ, ಮುಷ್ಟಿ ಕಟ್ಕೊಂಡವ್ನೆ. ತಟ್ಟೋ ಹುಡುಗ ಅಲ್ಲ ಅದು. ಅವ್ನು ತಟ್ಟಿದ್ರೆ ಪದಕ ನಂದು. ತಟ್ಟಲ್ಲ ಅಂದ್ಮೇಲೆ ಮುರೀಬೇಕು. ಮುರಿಯೋದು ಎಷ್ಟೊತ್ತು? ಆಗ್ಲಿಲ್ಲ, ಅಷ್ಟೇ.”

ಬಿರಿಯಾನಿ ಬಡಿಸಿ ಒಬ್ಬ ಯುವಕನ ಅವಕಾಶ ಕಿತ್ತುಕೊಂಡ ಮನುಷ್ಯ ಇವರೇ. ಇದೂ ಇವರೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದೆಂದು ನನಗೆ ತಿಳಿಯಲಿಲ್ಲ.

“ಮತ್ತ ಇದನ್ನ ಹೇಳೋದ್ ಬಿಟ್ಟು ರೆಫ್ರಿ ಯಾಕ್ರೀ? ಇದು ದೊಡ್ಡ ಮಾತಲ್ಲೇನು?”

ಅವರು ನಿಜವಾಗಿಯೂ ಗಾಬರಿಯಾದರು. ಬ್ರಷ್ಷು ಕೆಳಗಿಟ್ಟರು. “ಅಯ್ಯೋ, ಯಾರಿಗೂ ಹೇಳ್ಬೇಡಿ ಸಾರ್! ಗೆಲ್ಲೋ ಪಂದ್ಯ ಬಿಟ್ಬಂದ ಮಾಸ್ಟರ್ ಅಂತ ಗೊತ್ತಾದ್ರೆ ಯಾವ ತಂದೆತಾಯಿ ಮಕ್ಕಳ್ನ ಕಳಿಸ್ತಾರೆ? ಅಡ್ಮಿಷನ್ ನಿಂತ್ಹೋಗುತ್ತೆ. ಮನೇಲಂತೂ ಗೊತ್ತಾಗ್ಲೇಬಾರ್ದು. ಆ ನೌಕರಿ ಮೇಲೆ ಅವ್ಳು ಏನೇನ್ ಆಸೆ ಇಟ್ಟಿದ್ಳು ನಿಮಗ್ಗೊತ್ತಿಲ್ಲ.”

ನಾನು ಯಾರಿಗೂ ಹೇಳಲಿಲ್ಲ. ಅಡ್ಮಿಷನ್ ಹೇಗೂ ನಿಂತಿತು. ಅವರ ಕೈಯಲ್ಲೇ ಕಲಿತ ಶಿಷ್ಯನೊಬ್ಬ ಇಂದಿರಾನಗರದಲ್ಲಿ ಗಾಜಿನ ಗೋಡೆಯ ಅಕಾಡೆಮಿ ತೆರೆದ. ಏಸಿ, ಕಾಫಿ ಮೆಷಿನ್ನು, ಗೋಡೆಯ ಮೇಲೆ ‘ನೆವರ್ ಲೆಟ್ ಗೋ’ ಎಂಬ ಕೆಂಪು ದೀಪದ ಅಕ್ಷರಗಳು. ಹಲಸೂರಿನ ಮಕ್ಕಳೆಲ್ಲ ಅಲ್ಲಿಗೆ ಹೋದರು. ಕೊನೆಗೆ ಮಾಸ್ಟರ್ ಕೂಡ ಅಲ್ಲಿಗೇ ಹೋದರು, ನಾಲ್ಕೈದು ವರ್ಷದ ಪುಟಾಣಿಗಳಿಗೆ ಪಲ್ಟಿ ಹೊಡೆಯುವುದನ್ನು ಕಲಿಸಲು. “ಕನ್ಸಲ್ಟೆಂಟ್ ಆಗಿದೀನಿ ಸಾರ್,” ಎಂದು ನನಗೆ ಕಾರ್ಡು ಕೊಟ್ಟರು. ಪುಟಾಣಿಗಳು ಅವರ ಕಿವಿ ಹಿಡಿದು ಎಳೆಯುತ್ತಿದ್ದವು.

ಶ್ರದ್ಧಾಂಜಲಿ ಸಭೆ ನಡೆದದ್ದೂ ಅಲ್ಲಿಯೇ, ಹನ್ನೊಂದನೇ ದಿನ. ಶಿಷ್ಯ ಕಪ್ಪು ಟೀ-ಶರ್ಟು ಹಾಕಿ, ಕಿವಿಗೆ ಮೈಕು ಸಿಕ್ಕಿಸಿಕೊಂಡು ಪರದೆಯ ಮೇಲೆ ಒಂದೊಂದೇ ಫೋಟೋ ತೋರಿಸಿದ. ‘ಇಂಟರ್‌ನ್ಯಾಷನಲ್ ಚಾಂಪಿಯನ್’ ಎಂದು ಬರೆದಿತ್ತು. ಐದು ಎಂಬ ಅಂಕಿ ಎಲ್ಲೋ ಬಿದ್ದುಹೋಗಿತ್ತು. ಬಿಳಿ ಅಂಗಿಯ ಮಕ್ಕಳು ಸಾಲಾಗಿ ಕೂತಿದ್ದರು, ಹಿಂದೆ ಅವರ ತಂದೆತಾಯಿಗಳು. ಮುಂದಿನ ಸಾಲಿನಲ್ಲಿ ಮಾಸ್ಟರ ಹೆಂಡತಿ. ನನಗೆ ಎರಡು ನಿಮಿಷ ಮಾತನಾಡಲು ಹೇಳಿದರು. ಒಳ್ಳೆಯ ನಾಲ್ಕು ಮಾತು ಬರೆದುಕೊಂಡೇ ಹೋಗಿದ್ದೆ. ಎದ್ದು ನಿಂತಾಗ ಏನಾಯಿತೋ, ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬಿರಿಯಾನಿಯಿಂದ ಹಿಡಿದು ಮೊಣಕಾಲಿನವರೆಗೆ ನಡೆದದ್ದನ್ನು ನಡೆದಂತೆ ಹೇಳಿಬಿಟ್ಟೆ. ರೆಫ್ರಿಯ ಮೋಸ ಇರಲಿಲ್ಲ, ಕರೆಂಟು ಹೋಗಿರಲಿಲ್ಲ, ಪದಕ ಅವರ ಎದೆಯ ಮೇಲಿತ್ತು, ಅವರೇ ಬಿಟ್ಟರು. ಬಲಗಾಲು ಹಿಡೀರಿ ಎಂದು ಕೂಗಿದವನು ನಾನು, ಅದನ್ನೂ ಹೇಳಿದೆ.

ಚಪ್ಪಾಳೆ ಬರಲಿಲ್ಲ. ಯಾರೋ ಕೆಮ್ಮಿದರು. ಶಿಷ್ಯ ಬೇಗ ಬೇಗ ಮುಂದೆ ಬಂದ.

“ಥ್ಯಾಂಕ್ಯೂ ಅಂಕಲ್, ವೆರಿ ಎಮೋಷನಲ್. ಬಟ್ ಮಕ್ಳೇ, ಇದನ್ನ ತಪ್ಪು ತಿಳ್ಕೋಬೇಡಿ. ಮಾಸ್ಟರ್ ಫೈಟರ್ ಆಗಿದ್ರು. ಅವ್ರು ಯಾವತ್ತೂ ಏನನ್ನೂ ಬಿಟ್ಟೋರಲ್ಲ. ಓಕೆ?”

“ಓಕೆ ಸರ್,” ಎಂದವು ಮಕ್ಕಳು.

ಕಾಫಿಯ ಹೊತ್ತಿಗೆ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮರ್ಯಾದಸ್ಥರು, ದನಿ ಏರಿಸಲಿಲ್ಲ. “ಸಾರ್, ಹಿರಿಯರು ನೀವು. ಮಕ್ಕಳ ಮುಂದೆ ಇಂಥದ್ದೆಲ್ಲಾ ಮಾತಾಡ್ಬಾರ್ದು. ಭಾನುವಾರ ನಮ್ ಮಗಂದು ಜಿಲ್ಲಾ ಸೆಲೆಕ್ಷನ್ ಇದೆ. ಅವ್ನ ಮೈಂಡ್‌ಸೆಟ್ ಹಾಳಾಗುತ್ತೆ.”

ನಾನು ಅವರಿಗೆ ಕ್ಷಮೆ ಕೇಳಿದೆ. ನಿಜವಾಗಿ ಕೇಳಿದೆ. ಅಷ್ಟು ಧೈರ್ಯ ಮಾಡಿದ ಮನುಷ್ಯ ಐದೇ ನಿಮಿಷದಲ್ಲಿ ಮತ್ತೆ ವಿಮಾ ಕಚೇರಿಯ ಕುರ್ಚಿಗೆ ಹೋಗಿ ಕೂತಿದ್ದ.

ಮೆಟ್ಟಿಲ ಹತ್ತಿರ ಮಾಸ್ಟರ ಹೆಂಡತಿ ಚಪ್ಪಲಿ ಹುಡುಕುತ್ತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವರಿಗೆ ಗೊತ್ತಾಗಲೇಬಾರದೆಂದು ಮಾಸ್ಟರ್ ಬೇಡಿಕೊಂಡಿದ್ದನ್ನು ಮೈಕಿನಲ್ಲಿ ಹೇಳಿ ಬಂದಿದ್ದೆ. ಅವರೇ ಮಾತು ತೆಗೆದರು.

“ನೀವು ಹೇಳಿದ್ದು ನಿಜಾನಾ ಅಣ್ಣಾ? ಇವ್ರಾಗೇ ಬಿಟ್ರಾ?”

“ಹೌದಮ್ಮ.”

“ಅಯ್ಯೋ ದೇವ್ರೇ! ಆ ರೆಫ್ರಿಗೆ ನಾನು ಪ್ರತಿ ಶುಕ್ರವಾರ ಕರ್ಪೂರ ಹಚ್ಚಿ ಶಾಪ ಹಾಕಿದೀನಿ. ಅವನ್ ಕೈ ಸೇದ್ಹೋಗ್ಲಿ ಅಂತ. ಪಾಪ, ಯಾವ ತಾಯಿ ಹೆತ್ತ ಮಗಾನೋ.” ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ಭುಜಗಳು ಕುಲುಕುತ್ತಿದ್ದವು, ನೋಡಿದರೆ ನಗು. ಆಮೇಲೆ ಅಳುವೂ ಬಂತು. ಎರಡೂ ಮುಗಿದ ಮೇಲೆ ಕಣ್ಣೊರೆಸಿಕೊಂಡರು. “ಮೊದ್ಲೇ ಹೇಳಿದ್ರೆ ಒಂದು ವಾರ ಅನ್ನ ಹಾಕ್ತಿರ್ಲಿಲ್ಲ ನಾನು. ಅದಕ್ಕೇ ಹೇಳಿಲ್ಲ ಮನುಷ್ಯ.”

ನಾನು ಅವರ ಚಪ್ಪಲಿಯನ್ನು ಹುಡುಕಿ ಮುಂದಿಟ್ಟೆ. ಅವರು ಒಂದನ್ನು ಮೆಟ್ಟಿ, ಗೋಡೆ ಹಿಡಿದು ನಿಂತರು.

“ಅಣ್ಣಾ, ಆ ಹುಡುಗನ ಕಾಲು ಸರಿಹೋಯ್ತಾ?”

ಎಷ್ಟೋ ವರ್ಷ ಆ ಪಂದ್ಯವನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದ್ದೆ. ಅಂಕ, ನಿಯಮ, ಪಟ್ಟು, ಪದಕ, ಎಲ್ಲವನ್ನೂ ಕೇಳಿಕೊಂಡಿದ್ದೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

“ಗೊತ್ತಿಲ್ಲಮ್ಮ. ನಾನು ಕೇಳಲಿಲ್ಲ.”

“ಇವ್ರು ಕೇಳಿರ್ತಾರೆ ಬಿಡಿ,” ಎಂದು ಇನ್ನೊಂದು ಚಪ್ಪಲಿ ಮೆಟ್ಟಿದರು. “ನಮಗೆ ಬೇರೆ ಏನಾದ್ರೂ ಹೇಳಿರ್ತಾರೆ, ಅಷ್ಟೆ.” ಹಾಗೆಂದು, ಹಲಸೂರಿನ ಬಸ್ಸು ಹಿಡಿಯಲು ಮೆಟ್ಟಿಲಿಳಿದು ಹೋದರು.